ಕುಮುದ್ವತಿಯ ಮರಳು, ಕಡಲಿನ ದಂಡೆ

ಶಿಕಾರಿಪುರದ ಕುಮುದ್ವತಿ, ಸೊರಬದ ದಂಡಾವತಿ, ವರದೆ ಎಲ್ಲವೂ ತುಂಗಭದ್ರೆ, ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಯತ್ತ ಹೊರಟ ನೀರು. ಜೊತೆಗೆ ಮರಳೂ ಹೊರಡುತ್ತದೆ. ಕಡಲಂಚಿನಲ್ಲಿ ಓರೆಯಾಗಿ ಬರುವ ಅಲೆ ಅದನ್ನು ಓರೆಯಾಗಿಯೇ ದಂಡೆಗೇರಿಸುತ್ತದೆ. ಹಿಂದಿರುಗುವ ನೀರು ಇಳಿಜಾರಿನಲ್ಲಿ ನೇರ ಕೆಳಗೆಳೆಯುತ್ತದೆ. ಹೀಗೆ ಹಾವಿನ ನಡೆಯಲ್ಲಿ ಮರಳು ದಂಡೆಯುದ್ದಕ್ಕೂ ಸಾಗುತ್ತಲೇ ಇರುತ್ತದೆ. ಸಾಗಿಹೋದದ್ದರ ಜಾಗ ತುಂಬಲು ಹೊಳೆಗಳಿಂದ ಹೊಸ ಮರಳು ಬರಬೇಕು. ಬಾರದಿದ್ದರೆ ಕಡಲು ದಂಡೆಯನ್ನೇ ಕೊರೆಯುತ್ತದೆ.

ಕುಮುದ್ವತಿಯ ಅಂಜನಾಪುರ ಜಲಾಶಯ, 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟು ಈ ಮರಳನ್ನು ತಡೆಯುತ್ತವೆ. ಗದ್ದೆಗೆ ನೀರು ಬೇಕು, ಒಪ್ಪೋಣ. ಆದರೆ ಹೊಳೆಯ ಒಡಲನ್ನೇ ಬಗೆದು ಲಾರಿಗೆ ತುಂಬುವುದು ಅನ್ಯಾಯ. ಮನೆ ಕಟ್ಟುವವರೇ, ಸಾಧ್ಯವಾದಲ್ಲೆಲ್ಲ ಕಲ್ಲು ಪುಡಿಮಾಡಿ ತಯಾರಿಸಿದ ಎಂ-ಸ್ಯಾಂಡ್ ಬಳಸಿ. ಹೊಳೆಯ ಮರಳನ್ನು ಹೊಳೆಗೇ ಬಿಡಿ.