ಹಳೆಯ ಪಟವೂ ಬಾಲ್ಯದ ನೆನಪೂ



ಮನೆಯ ಹಳೆಯ ಪಟಗಳು ನಮ್ಮ ಬಾಲ್ಯವನ್ನು ಇದ್ದಂತೆಯೇ ಕಾಪಾಡುತ್ತವೆ ಎಂದು ನಾವೆಲ್ಲರೂ ನಂಬಿದ್ದೇವೆ. ಈ ನಂಬಿಕೆ ಅರ್ಧ ಮಾತ್ರ ನಿಜವೆಂಬುದನ್ನು ದೆಹಲಿಯಲ್ಲೇ ಬಾಳಿ, 2023ರಲ್ಲಿ ಇಲ್ಲಿಯೇ ತೀರಿಕೊಂಡ ಕಲಾವಿದ ವಿವಾನ್ ಸುಂದರಂ ಅವರ ಕೃತಿಗಳಿಂದ ತಿಳಿಯಬಹುದು.

ಹೆಸರಾಂತ ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಇವರ ದೊಡ್ಡಮ್ಮ. ಆಕೆ 1941ರಲ್ಲಿ, ಕೇವಲ 28ನೆಯ ವಯಸ್ಸಿನಲ್ಲಿ, ಲಾಹೋರಿನಲ್ಲಿ ಕಾಲವಾದರು. ವಿವಾನರು ಹುಟ್ಟಿದ್ದು 1943ರಲ್ಲಿ. ಆದ್ದರಿಂದ ದೊಡ್ಡಮ್ಮನನ್ನು ಅವರು ಕಣ್ಣಾರೆ ಕಂಡವರಲ್ಲ. ಅವರ ಪಾಲಿಗೆ ಉಳಿದದ್ದು ಹಿರಿಯರ ಮಾತು, ಆಕೆಯ ವರ್ಣಚಿತ್ರಗಳು, ಮತ್ತು ತಾತ ಉಮ್ರಾವ್ ಸಿಂಗರು ತೆಗೆದ ಪಟಗಳು. ಸಂಸ್ಕೃತ, ಪಾರಸಿಗಳಲ್ಲಿ ಪಂಡಿತರಾಗಿದ್ದ ಈ ತಾತ ಹಂಗೇರಿಯಲ್ಲಿ, ಶಿಮ್ಲಾದಲ್ಲಿ, ಪ್ಯಾರಿಸಿನಲ್ಲಿ ತಮ್ಮನ್ನೂ, ಹಂಗೇರಿಯವರಾದ ಮಡದಿಯನ್ನೂ, ಇಬ್ಬರು ಹೆಣ್ಣುಮಕ್ಕಳನ್ನೂ ದಶಕಗಳ ಕಾಲ ಚಿತ್ರಿಸಿದರು.

ಮೊಮ್ಮಗ ಈ ಪಟಗಳನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಸುಮ್ಮನಾಗಲಿಲ್ಲ. 2001–02ರಲ್ಲಿ ಕಂಪ್ಯೂಟರಿನ ನೆರವಿನಿಂದ ಬೇರೆ ಬೇರೆ ಕಾಲದ, ಬೇರೆ ಬೇರೆ ಊರಿನ ಪಟಗಳನ್ನು ಒಂದೇ ಚೌಕಟ್ಟಿನಲ್ಲಿ ಸೇರಿಸಿದರು. ಈ ಮಾಲಿಕೆಯ ಹೆಸರು ‘ರೀಟೇಕ್ ಆಫ್ ಅಮೃತಾ’. ಎಂದೂ ಜೊತೆಗೂಡಲಾರದ ವಯಸ್ಸುಗಳು ಅಲ್ಲಿ ಜೊತೆಗೂಡುತ್ತವೆ.

ಇದು ಸುಳ್ಳಲ್ಲವೇ ಎಂದು ನೀವು ಕೇಳಬಹುದು. ಆದರೆ ಮೂಲ ಪಟವಾದರೂ ಪೂರ್ತಿ ನಿಜವೇ? ಎಲ್ಲಿ ನಿಲ್ಲಬೇಕು, ಯಾವ ಉಡುಪು ತೊಡಬೇಕು ಎಂದು ಗೊತ್ತುಮಾಡುವವರು ದೊಡ್ಡವರು. ಮಗು ನಿಂತುಕೊಳ್ಳುತ್ತದೆ, ಅಷ್ಟೆ. ನಮ್ಮ ನೆನಪೂ ಹತ್ತಾರು ವರ್ಷಗಳನ್ನು ಒಂದೇ ಅಂಗಳದಲ್ಲಿ ಕೂಡಿಸುತ್ತದೆ. ನೆನಪು ಗುಟ್ಟಾಗಿ ಮಾಡುವುದನ್ನು ಕಲಾವಿದ ಬಹಿರಂಗವಾಗಿ ಮಾಡಿದರು.

ಇನ್ನು ನಮ್ಮ ಮಾತು. ಉದ್ಯೋಗಕ್ಕೆಂದು ದೆಹಲಿಗೆ ಬಂದ ನಮ್ಮ ಹಿರಿಯರು ಟ್ರಂಕಿನಲ್ಲಿ ಊರಿನ ಗ್ರೂಪ್ ಫೋಟೋಗಳನ್ನು ತಂದರು. ಇಲ್ಲಿ ಬೆಳೆದ ಮಕ್ಕಳಿಗೆ ಆ ಮುಖಗಳ ಗುರುತಿಲ್ಲ. ಗುರುತು ಹೇಳಬಲ್ಲವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ವಿವಾನರಿಗೆ ಪಟದಲ್ಲಿರುವವರು ಯಾರೆಂದು ಹೇಳುವವರು ಮನೆಯಲ್ಲಿದ್ದರು. ಆ ಗುರುತಿಲ್ಲದಿದ್ದರೆ ಎಂಥ ಕಲೆಯೂ ಅಪರಿಚಿತರ ಮುಖಗಳನ್ನು ಜೋಡಿಸಿದಂತೆಯೇ.

ಆದಕಾರಣ ಒಂದು ಅರಿಕೆ. ಪಟದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆದಿಡಿ. ಮಕ್ಕಳು ಕತ್ತರಿಸಿ ಅಂಟಿಸಿ ಚಿತ್ರ ಮಾಡುವುದಾದರೆ ಸಂತೋಷ. ಆದರೆ ಅವರ ಕೈಗೆ ನಕಲು ಕೊಡಿ, ಮೂಲಕ್ಕೆ ಕತ್ತರಿಯೂ ಗೋಂದೂ ತಾಗದಿರಲಿ. ಮಿಗಿಲಾಗಿ, ಪಟದಲ್ಲಿ ಯಾರಿಲ್ಲ ಎಂಬುದನ್ನೂ ಕೇಳಿ. ವಿಧವೆ ಅಜ್ಜಿಯನ್ನು ಪಟಕ್ಕೆ ಕರೆಯದ ಮನೆಗಳಿದ್ದವು. ಎತ್ತಿ ಆಡಿಸಿದ ಕೈಗಳು ಅವಳವೇ ಆಗಿದ್ದರೂ ಪಟದಲ್ಲಿ ಅವಳಿಗೆ ಜಾಗವಿರಲಿಲ್ಲ. ಅವಳ ಜಾಗವನ್ನು ಬಿಡಿಸಿ ತೋರಿಸಲು ಮೊಮ್ಮಕ್ಕಳ ಕುಂಚವೇ ಬೇಕು.