ಮನೆಯೊಳಗಿನ ಹೊಗೆ, ಮಕ್ಕಳ ಉಸಿರು

(ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ವೈದ್ಯೆಯಲ್ಲ, ಗೃಹಿಣಿ. ಒಂದು ಸುಳ್ಳಿನ ಕಥೆಯಿಂದ ಮಾತು ಆರಂಭಿಸುತ್ತೇನೆ. ಆ ಸುಳ್ಳು ಹೇಳಿದವಳು ನಾನೇ.

ಮದುವೆಯಾಗಿ ಬಂದಾಗ ಡೊಂಬಿವಲಿಯಲ್ಲಿ ನಮ್ಮದು ಒಂದು ರೂಮು, ಕಿಚನ್ ಇರುವ ಮನೆ. ಹೋಟೆಲಿನಲ್ಲಿ ದುಡಿದು ನಿವೃತ್ತರಾಗಿದ್ದ ಮಾವನವರಿಗೆ ಬೀಡಿಯ ಅಭ್ಯಾಸ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದರೆ ಹೊಗೆಗೆ ದಾರಿಯೇ ಇಲ್ಲ. ಮೂರು ವರ್ಷದ ಮಗನಿಗೆ ಜೂನ್ ಬಂತೆಂದರೆ ಕೆಮ್ಮು, ಎದೆಯಲ್ಲಿ ಸುಂಯ್ ಸುಂಯ್ ಸದ್ದು. "ಮನೆಯಲ್ಲಿ ಯಾರಾದರೂ ಸೇದುತ್ತಾರಾ?" ಎಂದು ಡಾಕ್ಟರು ಕೇಳಿದರು. "ಇಲ್ಲ" ಎಂದೆ. ಹಿರಿಯರ ವಿಷಯ ಹೊರಗೆ ಆಡುವುದು ಹೇಗೆ? ಔಷಧಿ ಬದಲಾಯಿತು, ಕೆಮ್ಮು ಬದಲಾಗಲಿಲ್ಲ.

ಮುಂದಿನ ಸಲ ಮಾವನವರನ್ನೇ ಜೊತೆಗೆ ಕರೆದುಕೊಂಡು ಹೋಗಿ ನಿಜ ಹೇಳಿದೆ. ಡಾಕ್ಟರು ಬೈಯಲಿಲ್ಲ. "ಆಜೋಬಾ, ಮಗುವಿನ ಶ್ವಾಸನಾಳ ಸಣ್ಣದು. ನಮಗಿಂತ ಬೇಗ ಬೇಗ ಉಸಿರಾಡುತ್ತದೆ. ನೀವು ಬಿಟ್ಟ ಹೊಗೆಯನ್ನು ಅದೂ ಸೇದುತ್ತದೆ" ಎಂದು ಮರಾಠಿಯಲ್ಲಿ ಹೇಳಿದರು. ದಾರಿಯುದ್ದಕ್ಕೂ ಮಾವನವರು ಮಾತಾಡಲಿಲ್ಲ. ಮರುದಿನದಿಂದ ಬೀಡಿಕಟ್ಟು ಹಿಡಿದು ಮೂರು ಮಹಡಿ ಇಳಿದು ಕೆಳಗೆ ಹೋಗತೊಡಗಿದರು. ಬೀಡಿ ಪೂರ್ತಿ ಬಿಡಲಿಲ್ಲ. ಆದರೆ ಮನೆಯೊಳಗೆ ಮತ್ತೆ ಹಚ್ಚಲಿಲ್ಲ. ಮುಂದಿನ ಮಳೆಗಾಲದಲ್ಲಿ ಮಗನ ಎದೆಯ ಸದ್ದು ಕಡಿಮೆಯಾಯಿತು.

ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಇದು ಮಕ್ಕಳಲ್ಲಿ ಅಸ್ತಮಾ ಉಲ್ಬಣಕ್ಕೆ, ನ್ಯುಮೋನಿಯಾಕ್ಕೆ, ಕಿವಿಯ ಸೋಂಕಿಗೆ ಕಾರಣವಾಗುತ್ತದೆ. ನಮಗೂ ಅಪಾಯ ತಪ್ಪಿದ್ದಲ್ಲ. ತಾವು ಸೇದದಿದ್ದರೂ, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚೆಂದು ಜಪಾನಿನ ತಕೇಶಿ ಹಿರಯಾಮ 1981ರಲ್ಲೇ ತೋರಿಸಿಕೊಟ್ಟರು.

ನಮ್ಮ ಮುಂಬಯಿಯ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2001ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಲು ಆದೇಶಿಸಿತು. 2003ರಲ್ಲಿ ಕಾಯ್ದೆ ಬಂತು. 2008ರ ಅಕ್ಟೋಬರ್ 2ರಿಂದ ನಿಯಮಗಳು ಇನ್ನೂ ಬಿಗಿಯಾದವು. ಆದರೆ ಆ ಕಾನೂನು ನಮ್ಮ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ. ಸ್ವಂತ ಕಾರಿನೊಳಗೂ ಬರುವುದಿಲ್ಲ. ಇಂಗ್ಲೆಂಡಿನಲ್ಲಿ 18 ವರ್ಷದೊಳಗಿನವರು ಕಾರಿನಲ್ಲಿದ್ದರೆ ಸೇದುವುದು 2015ರಿಂದ ಅಪರಾಧ. ನಮ್ಮಲ್ಲಿ ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಗಾಜು ಏರಿಸಿ, ಎಸಿ ಹಾಕಿ ಸೇದುವವರಿದ್ದಾರೆ, ಹಿಂದಿನ ಸೀಟಿನಲ್ಲಿ ಮಗು! ಗಾಜು ಇಳಿಸಿದರೂ, ಫ್ಯಾನ್ ಹಾಕಿದರೂ ಹೊಗೆ ಪೂರ್ತಿ ಹೋಗದು.

ಹಾಗಾದರೆ ಹೊಸ್ತಿಲಿನ ಒಳಗಿನ ಕಾನೂನು ಮಾಡಬೇಕಾದವರು ನಾವೇ. ಮನೆಯಲ್ಲಿ, ಕಾರಿನಲ್ಲಿ ಯಾರೂ ಸೇದಬಾರದು, ನೆಂಟರೂ ಸಹ. ಹೊರಗೆ ಸೇದಿ ಬಂದವರು ಕೈ, ಬಾಯಿ ತೊಳೆದು, ಅಂಗಿ ಬದಲಿಸಿ ಮಗುವನ್ನು ಎತ್ತಿಕೊಳ್ಳಲಿ. ಬಿಡಲು ಮನಸ್ಸುಳ್ಳವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ನಂಬರನ್ನು ನೀವೇ ಹಚ್ಚಿಕೊಡಿ.

ಜಗಳ ಬೇಡ. ಡಾಕ್ಟರ ಮುಂದೆ ಸುಳ್ಳೂ ಬೇಡ. ನನ್ನ ಮಾವನವರು ಮೊಮ್ಮಗನ ಮೇಲಿನ ಪ್ರೀತಿಯಿಂದ ಮೂರು ಮಹಡಿ ಇಳಿದರು. ಅವರಿಗೆ ಮೊದಲೇ ಹೇಳದೆ ಒಂದು ಮಳೆಗಾಲ ಕಳೆದವಳು ನಾನು. ನೀವು ಹಾಗೆ ಮಾಡಬೇಡಿ.