ಸೋವಿ ಆಯುಷ್ಯ, ತುಟ್ಟಿ ಆಯುಷ್ಯ

ಇವತ್ತು ಲೆಕ್ಕದ ಮಾತು, ಆದ್ರ ಶುರು ಮಾಡೂದು ಗುಳಿಗಿಯಿಂದ.

ಬೆಳಗಾವಿ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು 2002ರಿಂದ 2005ರ ತನಕ ಜಿಲ್ಲೆಯ ಹಳ್ಳಿಗಳೊಳಗ ಒಂದು ಅಧ್ಯಯನ ಮಾಡಿದ್ರು. ಕೂಸು ಹುಟ್ಟಿದ ಕೂಡಲೇ ತಾಯಿಗೆ ಮಿಸೊಪ್ರೊಸ್ಟಾಲ್ ಅನ್ನೋ ಮೂರು ಗುಳಿಗಿ. ಕೊಟ್ಟವರು ದೊಡ್ಡ ಡಾಕ್ಟರಲ್ಲ, ಉಪಕೇಂದ್ರದ ಎಎನ್‌ಎಂ ಸಿಸ್ಟರು. 1,620 ಬಾಣಂತಿಯರೊಳಗ ಅರ್ಧ ಮಂದಿಗೆ ಖರೆ ಔಷಧ, ಉಳಿದವರಿಗೆ ಔಷಧ ಇಲ್ಲದ ಗುಳಿಗಿ. ಔಷಧ ತೊಗೊಳ್ಳದವರೊಳಗ ಶೇ. 12 ಮಂದಿಗೆ ಅತಿ ರಕ್ತಸ್ರಾವ ಆತು, ತೊಗೊಂಡವರೊಳಗ ಬರೇ 6.4. 2006ರಾಗ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನ ಪ್ರಕಟಿಸ್ತು. 2011ರಾಗ ವಿಶ್ವ ಆರೋಗ್ಯ ಸಂಸ್ಥೆ ಇದೇ ಉಪಯೋಗಕ್ಕ ಈ ಗುಳಿಗೀನ ಅವಶ್ಯ ಔಷಧಗಳ ಪಟ್ಟಿಗೆ ಸೇರಿಸ್ತು.

ಆಯುಷ್ಯ ಮೊದಲ ಹೆಚ್ಚಾಗೂದು ಹಿಂಗ, ಸೋವಿಯೊಳಗ. ಸ್ವಾತಂತ್ರ್ಯ ಬಂದಾಗ ದೇಶದ ಸರಾಸರಿ ಆಯುಷ್ಯ 32ರ ಆಸುಪಾಸು. ಎಲ್ಲಾರೂ 32ಕ್ಕ ಸಾಯ್ತಿದ್ರು ಅಂತಲ್ರಿ. ಎಂಬತ್ತು ದಾಟಿದ ಅಜ್ಜಾರೂ ಇದ್ರು; ತೊಟ್ಟಿಲದಾಗ ಹೋದ ಕೂಸುಗಳ ಸೊನ್ನಿ ಸರಾಸರಿನ ಕೆಳಗ ಜಗ್ತಿತ್ತು. ಒಂದು ಕೂಸು ಉಳಿದ್ರ ಲೆಕ್ಕಕ್ಕ ಅರವತ್ತು-ಎಪ್ಪತ್ತು ವರ್ಷ ಸೇರ್ತಾವ. ಈಗ ಸರಾಸರಿ 70ರ ಹತ್ರ ಐತಿ.

ಇಲ್ಲಿಂದ ಮುಂದಿನ ವರ್ಷ ತುಟ್ಟಿ. ಖಾನಾಪುರ ತಾಲೂಕಿನ ಜಾಂಬೋಟಿ ಕಡೆ ಒಬ್ಬ ಅಜ್ಜಿಗೆ ಬಿಪಿ, ಶುಗರ್ ಐತಿ ಅಂತ ತಿಳೀರಿ. ಇದು ಮೂರು ಗುಳಿಗಿಗೆ ಮುಗಿಯೂದಲ್ಲ, ಇದ್ದಷ್ಟು ದಿನ ನುಂಗಬೇಕು. ಸರ್ಕಾರಿ ದವಾಖಾನ್ಯಾಗ ಪುಕ್ಕಟ ಸಿಗತಾವ ಅಂತೀರಿ. ಖರೆ, ಹೋಗಬೇಕಲ್ಲ! 2023ರಿಂದ ಶಕ್ತಿ ಯೋಜನೆಯಾಗ ಅಜ್ಜಿಗೆ ಬಸ್ಸು ಪುಕ್ಕಟ. ಜೋಡಿ ಬಂದ ಮಗನ ಟಿಕೆಟ್ಟು, ಆ ದಿನದ ಪಗಾರ? ದೊಡ್ಡ ತಪಾಸಣೆ ಇದ್ರ ಖಾನಾಪುರದಿಂದ ಬೆಳಗಾವಿ ಮತ್ತ ಸುಮಾರು 25 ಕಿಲೋಮೀಟರ್. ಬ್ಯಾಸತ್ತು ಗುಳಿಗಿ ಬಿಡ್ತಾರ.

ಆಮ್ಯಾಲ ಲಕ್ವಾ ಹೊಡೀತು ಅನ್ರಿ. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಾಗ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಚಿಕಿತ್ಸೆ ಐತಿ. ಅಂದ್ರ, ದವಾಖಾನ್ಯಾಗ ಮಲಗಿದ ಮ್ಯಾಲ ಲಕ್ಷ. ಮಲಗದಂಗ ನೋಡಿಕೊಳ್ಳೋ ಖರ್ಚು ಮನೀದು. 2021-22ರಾಗೂ ದೇಶದ ಆರೋಗ್ಯ ಖರ್ಚಿನ ಶೇ. 39.4 ಪಾಲು ಮಂದಿ ಕಿಸೇದಿಂದನ ಹೋಗೇತಿ. ನನಗ ಇದು ತಲಿಕೆಳಗಾದ ಲೆಕ್ಕ ಅನಸ್ತೈತಿ.

2024ರಾಗ ಕೋಲಾರದಿಂದ ‘ಗೃಹ ಆರೋಗ್ಯ’ ಶುರು ಆತು: ಮನೀಗೆ ಬಂದು ಬಿಪಿ, ಶುಗರ್ ನೋಡಿ ಗುಳಿಗಿ ಕೊಡೋದು. ದಾರಿ ಸರಿ ಐತಿ. ಆದ್ರ ಖಾನಾಪುರ ಕೋಲಾರ ಅಲ್ರಿ. ಜುಲೈ ಮಳಿಯಾಗ ನಮ್ಮ ಭೀಮಗಡ ಕಾಡಿನ ಊರುಗಳಿಗೆ ಹಾದಿನ ಇರೂದಿಲ್ಲ. ಅಲ್ಲಿಗೆ ಮೂರು ತಿಂಗಳ ಗುಳಿಗಿ ಮೇ ಮುಗಿಯೂದರೊಳಗ ಕೊಟ್ಟು ಬರಬೇಕು, ಕೊಡೋ ಸಿಸ್ಟರಿಗೆ ಗಾಡಿ ಖರ್ಚೂ ಕೊಡಬೇಕು.